ಇಲ್ಲದ ಹನ್ನೊಂದನೆಯ ಕಲಮು

ಅಕ್ಕನ ಮಗ ಡಲ್ಲಾಸ್ ಹತ್ತಿರ ಇದ್ದಾನೆ. 2025ರ ಸೆಪ್ಟೆಂಬರಿನಲ್ಲಿ ಒಂದು ದಿನ ಬೆಳಗಿನ ಕಾಫಿ ಹೊತ್ತಿಗೆ ಅವನ ಫೋನು ಬಂತು. ಅಲ್ಲಿ ರಾತ್ರಿ. "ಮಾವ, ನೀವು ಜೀವಮಾನವೆಲ್ಲ ಶಾಸನ ಓದಿದವರು. ಒಂದು ಸಾಲು ಕಳಿಸ್ತೀನಿ. ಅಸಲೋ ನಕಲೋ ನೋಡಿ ಹೇಳಿ" ಅಂದ.

ಬಂದದ್ದು ಒಂದು ಚಿತ್ರ. ಮೇಲೆ ಜಾರ್ಜ್ ವಾಷಿಂಗ್ಟನ್ ಮುಖ, ಕೆಳಗೆ ಅವರ ಮಾತೆಂದು ಒಂದು ಸಾಲು. ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರ ಯಾವ ಅರ್ಥದಲ್ಲೂ ಕ್ರೈಸ್ತಮತದ ಅಡಿಪಾಯದ ಮೇಲೆ ನಿಂತದ್ದಲ್ಲ ಎಂಬುದು ಅದರ ತಾತ್ಪರ್ಯ. ಅವನಿಗೆ ಈ ಚಿತ್ರ ಯಾಕೆ ಬೇಕಾಯಿತೆಂದು ಕೇಳಿದೆ. ಅದೇ ತಿಂಗಳ 1ರಿಂದ ಟೆಕ್ಸಾಸ್‌ನಲ್ಲಿ ಹೊಸ ಕಾನೂನು ಜಾರಿಗೆ ಬಂದಿತ್ತು. ಸರ್ಕಾರಿ ಶಾಲೆಯ ಪ್ರತಿ ಕೊಠಡಿಯಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳ ಪಟ ತೂಗಿರಬೇಕು; ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ. ಇಂಥದೇ ಕಾನೂನನ್ನು ಲೂಯಿಸಿಯಾನ ರಾಜ್ಯ 2024ರಲ್ಲೇ ಮಾಡಿತ್ತು. ಆಫೀಸಿನ ಊಟದ ಮೇಜಿನಲ್ಲಿ ಒಬ್ಬ, "ಈ ದೇಶ ಹುಟ್ಟಿದ್ದೇ ಕ್ರೈಸ್ತ ದೇಶವಾಗಿ, ಪಟ ಹಾಕಿದರೆ ಏನು ತಪ್ಪು" ಎಂದನಂತೆ. ಇನ್ನೊಬ್ಬ ಈ ಚಿತ್ರ ತೆಗೆದು ಎದುರಿಗೆ ಹಿಡಿದ. ಮೊದಲನೆಯವ, "ಅದು ಸುಳ್ಳು ದಾಖಲೆ, ಅರಬ್ಬಿ ಮೂಲದಲ್ಲಿ ಆ ಮಾತೇ ಇಲ್ಲ" ಎಂದು ಸಿಡಿದ. ನಮ್ಮ ಹುಡುಗ ಇಬ್ಬರ ನಡುವೆ ಮೊಸರನ್ನ ತಿನ್ನುತ್ತ ಕೂತಿದ್ದ.

ವಾಷಿಂಗ್ಟನ್ ಮಾತಿಗೆ ಅರಬ್ಬಿ ಮೂಲ ಎಲ್ಲಿಂದ ಬಂತು? ನನ್ನ ಕುತೂಹಲ ಎದ್ದದ್ದು ಅಲ್ಲಿ. ಗಂಗರ ತಾಮ್ರಪಟಗಳ ವಿಷಯದಲ್ಲಿ ಶಾಸನತಜ್ಞರಾದ ಫ್ಲೀಟ್ ಸಾಹೇಬರಿಗೂ ರೈಸ್ ಸಾಹೇಬರಿಗೂ ನಡೆದ ಜಗಳ ಓದಿ ಬೆಳೆದವನು ನಾನು. ರೈಸ್ ಹೊರತಂದ ಪಟಗಳನ್ನು ಒಂದೊಂದಾಗಿ ಫ್ಲೀಟ್ ಕೂಟಶಾಸನ, ಅಂದರೆ ಖೋಟಾ ಶಾಸನ, ಎಂದು ತಳ್ಳಿಹಾಕುತ್ತಿದ್ದರು; ಲಿಪಿ ಆ ಕಾಲದ್ದಲ್ಲ, ತಿಥಿ ಕೂಡುವುದಿಲ್ಲ ಎಂದು ಕಾರಣ ಕೊಡುತ್ತಿದ್ದರು. ರೈಸ್ ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಆ ಜಗಳದಿಂದ ನಮ್ಮ ಪೀಳಿಗೆ ಕಲಿತದ್ದು ಇಷ್ಟು: ಪಟ ಕೂಟವೋ ಅಲ್ಲವೋ ಎಂದು ಕೇಳುವ ಮೊದಲು, ಯಾವ ಪ್ರತಿ, ಯಾರ ಕೈ, ಯಾವ ದಿನ ಎಂದು ಕೇಳಬೇಕು. ಅಮೆರಿಕದ ರಾಜಕೀಯ ನನಗೆ ಹೊಸದು. ಈ ಮೂರು ಪ್ರಶ್ನೆ ಹಳೆಯವು.

ಮೊದಲ ಎಳೆ ಬೇಗ ಸಿಕ್ಕಿತು. ಆ ಸಾಲು ವಾಷಿಂಗ್ಟನ್ ಭಾಷಣದ್ದಲ್ಲ, ಪತ್ರದ್ದೂ ಅಲ್ಲ. ಅದು ಒಂದು ಕರಾರಿನ ಹನ್ನೊಂದನೆಯ ಕಲಮು. ಉತ್ತರ ಆಫ್ರಿಕಾದ ಟ್ರಿಪೊಲಿ, ಅಂದರೆ ಇಂದಿನ ಲಿಬಿಯಾದ ರಾಜಧಾನಿ, ಆಗ ಯೂಸುಫ್ ಕರಮಾನ್ಲಿ ಎಂಬ ಪಾಷಾನ ಕೈಯಲ್ಲಿತ್ತು. ಆ ಕರಾವಳಿಯ ರಾಜ್ಯಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಪರದೇಶದ ಹಡಗು ಹಿಡಿದು, ನಾವಿಕರನ್ನು ಸೆರೆಯಿಟ್ಟು, ಹಣ ಪಡೆದು ಬಿಡುತ್ತಿದ್ದವು. ಬ್ರಿಟಿಷರ ನೌಕಾಪಡೆಯ ನೆರಳಿನಿಂದ ಈಚೆ ಬಂದ ಅಮೆರಿಕದ ವ್ಯಾಪಾರಿ ಹಡಗುಗಳಿಗೆ ಕಾವಲಿರಲಿಲ್ಲ. ಕಾವಲಿಲ್ಲದವನು ಕಪ್ಪ ಕೊಡಬೇಕು. ಅದಕ್ಕೇ ಈ ಕರಾರು.

ಓದಿದರೆ ಅಂಗಡಿಯ ಪಟ್ಟಿ ಓದಿದಂತೆ. 40,000 ಸ್ಪ್ಯಾನಿಷ್ ಡಾಲರ್. ಚಿನ್ನ, ಬೆಳ್ಳಿ ಮುಂತಾದವುಗಳ 13 ಗಡಿಯಾರ. 5 ಉಂಗುರ: ಮೂರು ವಜ್ರದ್ದು, ಒಂದು ನೀಲದ್ದು, ಒಂದರೊಳಗೆ ಗಡಿಯಾರವೇ ಇದೆ. ಜರಿಯ 4 ನಿಲುವಂಗಿ. ಅಮೆರಿಕದ ಕಾನ್ಸಲ್ ಬಂದು ಇಳಿದಾಗ ಇನ್ನೂ 12,000 ಡಾಲರ್, ಜೊತೆಗೆ ಹಗ್ಗ, ಡಾಂಬರು, 500 ಪೈನ್ ಹಲಗೆ, 500 ಓಕ್ ಹಲಗೆ, 10 ಕೂವೆಮರ, 4 ಲಂಗರು. ಹಡಗು ಹಿಡಿಯುವವರಿಗೆ ಹಡಗಿನ ಸಾಮಾನನ್ನೇ ಕೊಟ್ಟು ನಮ್ಮ ಹಡಗು ಹಿಡಿಯಬೇಡಿ ಎನ್ನುವ ಕರಾರು! ಈ ಹಗ್ಗ, ಹಲಗೆ, ಉಂಗುರಗಳಿಗೆ ಅಂಟಿಕೊಂಡೇ ಆ ಪ್ರಸಿದ್ಧ ಕಲಮು ಇದೆ. ಸರ್ಕಾರ ಕ್ರೈಸ್ತಮತದ ಮೇಲೆ ನಿಂತದ್ದಲ್ಲ, ಮುಸಲ್ಮಾನರ ಕಾನೂನಿಗಾಗಲಿ ಧರ್ಮಕ್ಕಾಗಲಿ ಅದು ಹಗೆಯಲ್ಲ, ಆದ್ದರಿಂದ ಮತದ ನೆಪದಲ್ಲಿ ಈ ಸ್ನೇಹ ಕೆಡಬಾರದು ಎಂಬುದು ಅದರ ಒಟ್ಟು ಆಶಯ.

ತಾರೀಖುಗಳನ್ನು ಜೋಡಿಸಿದೆ. ಟ್ರಿಪೊಲಿಯಲ್ಲಿ ಮೊಹರು ಬಿದ್ದದ್ದು 1796ರ ನವೆಂಬರ್ 4. ಅಲ್ಜೀರ್ಸ್‌ನಲ್ಲಿ ಅಮೆರಿಕದ ಪ್ರತಿನಿಧಿ ಜೋಯೆಲ್ ಬಾರ್ಲೊ ರುಜು ಹಾಕಿದ್ದು 1797ರ ಜನವರಿ 3. ಲಿಸ್ಬನ್‌ನಲ್ಲಿ ಇನ್ನೊಬ್ಬ ಪ್ರತಿನಿಧಿ ಡೇವಿಡ್ ಹಂಫ್ರೀಸ್ ಒಪ್ಪಿದ್ದು ಫೆಬ್ರವರಿ 10. ಸೆನೆಟ್ ಒಪ್ಪಿದ್ದು ಜೂನ್ 7. ಅಧ್ಯಕ್ಷರ ಅಂತಿಮ ಅಂಕಿತ ಜೂನ್ 10. ವಾಷಿಂಗ್ಟನ್ ಅಧಿಕಾರ ಬಿಟ್ಟದ್ದು ಮಾರ್ಚ್ 4. ಮೊದಲ ಮೊಹರು ಬೀಳುವಾಗ ಅವರು ಗದ್ದುಗೆಯಲ್ಲಿದ್ದರು, ಆದರೆ ಅಂಕಿತ ಜಾನ್ ಆ್ಯಡಮ್ಸ್ ಅವರದು. ಯಾರೋ ಮೊದಲ ತಾರೀಖು ಮಾತ್ರ ನೋಡಿ ವಾಷಿಂಗ್ಟನ್ ಹೆಸರು ಹಚ್ಚಿರಬೇಕು. ಒಕ್ಕಣೆ ನೋಡದೆ ಶಕವರ್ಷ ಲೆಕ್ಕ ಹಾಕಿದವರು ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ.

ಸೆನೆಟ್ಟಿನ ಕಾರ್ಯಕಲಾಪದ ಪುಸ್ತಕದಲ್ಲಿ ಅವತ್ತು ಕೈಯೆತ್ತಿದವರ ಹೆಸರೆಲ್ಲ ಇದೆ. ಹೌದು ಎಂದವರು 23, ಇಲ್ಲ ಎಂದವರು ಒಬ್ಬರೂ ಇಲ್ಲ. ಆ ಪಟ್ಟಿಯಲ್ಲಿ ಎರಡು ಹೆಸರುಗಳ ಮೇಲೆ ನನ್ನ ಬೆರಳು ನಿಂತಿತು: ಜಾನ್ ಲ್ಯಾಂಗ್ಡನ್, ವಿಲಿಯಂ ಬ್ಲೌಂಟ್. ಇಬ್ಬರೂ ಹತ್ತು ವರ್ಷದ ಹಿಂದೆ, 1787ರಲ್ಲಿ, ಫಿಲಡೆಲ್ಫಿಯಾದಲ್ಲಿ ಸಂವಿಧಾನಕ್ಕೇ ರುಜು ಹಾಕಿದವರು. ಸ್ಥಾಪಕರು ಏನಂದುಕೊಂಡಿದ್ದರು ಎಂದು ಇವತ್ತು ಎರಡು ಪಕ್ಷದವರೂ ಕಚ್ಚಾಡುತ್ತಾರಲ್ಲ, ಸ್ಥಾಪಕರಲ್ಲಿ ಇಬ್ಬರು ಆ ಕಲಮಿಗೆ ಹೂಂ ಎಂದಿದ್ದಾರೆ. (ಬ್ಲೌಂಟ್ ಮಹಾಶಯನನ್ನು ಮುಂದಿನ ತಿಂಗಳೇ ಸೆನೆಟ್ ಹೊರಹಾಕಿತು. ಬ್ರಿಟಿಷರ ಜೊತೆ ಸೇರಿ ಸ್ಪೇನಿನ ನೆಲ ಹೊಡೆಯುವ ಸಂಚಿನಲ್ಲಿ ಸಿಕ್ಕಿಬಿದ್ದಿದ್ದ. ಸಾಕ್ಷಿಗಳೆಲ್ಲ ಸಾಧುಗಳೇ ಆಗಿರುತ್ತಾರೆಂದು ಶಾಸನ ಓದುವವರು ಎಂದೂ ನಂಬಬಾರದು.) ಆ್ಯಡಮ್ಸ್ ಹೊರಡಿಸಿದ ಘೋಷಣೆಯಲ್ಲಿ ಕರಾರಿನ ಪ್ರತಿಯೊಂದು ಕಲಮನ್ನೂ ನೋಡಿ ಒಪ್ಪಿದ್ದೇನೆ ಎಂಬ ಅರ್ಥದ ಮಾತಿದೆ. ಅದೇ ಜೂನ್ ತಿಂಗಳಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಇಡೀ ಕರಾರು ಅಚ್ಚಾಯಿತು.

ಫಿಲಡೆಲ್ಫಿಯಾ ಎಂದಾಗ ಮೈಸೂರಿನವನಿಗೆ ಒಂದು ನೆನಪು ಬರಲೇಬೇಕು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಕಪ್ತಾನ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಸೆರೆಹಿಡಿದ. ಅವನ ಹಡಗು ಪೆನ್ಸಿಲ್ವೇನಿಯಾ ರಾಜ್ಯದ್ದು, ಹೆಸರು 'ಹೈದರ್ ಅಲಿ'. ಇಂಗ್ಲಿಷರೊಡನೆ ನಮ್ಮ ಕಡೆ ಕಾದುತ್ತಿದ್ದ ಮೈಸೂರಿನ ನವಾಬನ ಹೆಸರನ್ನು, ಅವನ ಮತ ಕೇಳದೆ, ತಮ್ಮ ಹಡಗಿಗೆ ಇಟ್ಟ ಊರು ಅದು. ಹದಿನೈದು ವರ್ಷ ಕಳೆದು ಆ ಊರಿನವರು ಪತ್ರಿಕೆಯಲ್ಲಿ ಹನ್ನೊಂದನೆಯ ಕಲಮು ಓದಿದಾಗ ಬೀದಿಗಿಳಿಯಲಿಲ್ಲ ಎಂಬುದು ನನಗೆ ವಿಚಿತ್ರವೆನಿಸಲಿಲ್ಲ.

ಇಷ್ಟಕ್ಕೇ ಅಕ್ಕನ ಮಗನಿಗೆ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಆ 'ಅರಬ್ಬಿ ಮೂಲ' ಕಾಲಿಗೆ ಚುಚ್ಚಿದ ಮುಳ್ಳಿನಂತೆ ಉಳಿದಿತ್ತು.

ಅಮೆರಿಕದ ವಿದೇಶಾಂಗ ಇಲಾಖೆಗಾಗಿ ಹಂಟರ್ ಮಿಲ್ಲರ್ ಎಂಬ ವಕೀಲರು ದೇಶದ ಹಳೆಯ ಕರಾರುಗಳನ್ನೆಲ್ಲ ಸಂಪಾದಿಸಿ ಸಂಪುಟಗಳಾಗಿ ತಂದರು. ಎರಡನೆಯ ಸಂಪುಟ ಅಚ್ಚಾದದ್ದು 1931ರಲ್ಲಿ. ಸಂಪಾದಕ ಎಂದರೆ ಹೀಗಿರಬೇಕು. ನೂರಮೂವತ್ತು ವರ್ಷ ಎಲ್ಲರೂ ಬಾರ್ಲೊ ಮಾಡಿದ ಇಂಗ್ಲಿಷ್ ಭಾಷಾಂತರವನ್ನೇ ಅಚ್ಚಿನ ಮೇಲೆ ಅಚ್ಚು ಹಾಕಿಕೊಂಡು ಬಂದಿದ್ದರೆ, ಈತ ಅರಬ್ಬಿ ಅಸಲನ್ನು ಹೊರಗೆ ತೆಗೆಸಿ ಓದಿಸಿದರು. ಓದಿದವರು ಲೈಡನ್ನಿನ ಡಾ. ಸ್ನೂಕ್ ಹರ್ಗ್ರೋನ್ಯೆ. 1885ರಲ್ಲಿ ಮೆಕ್ಕಾದಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಡಚ್ ವಿದ್ವಾಂಸ. ಅರಬ್ಬಿ ಗೊತ್ತಿದ್ದವರಲ್ಲಿ ಅವರಿಗಿಂತ ದೊಡ್ಡ ಹೆಸರು ಆಗ ಯುರೋಪಿನಲ್ಲಿ ಹುಡುಕಬೇಕಿತ್ತು. 1930ರಲ್ಲಿ ಅವರು ಕಂಡದ್ದನ್ನು ಮಿಲ್ಲರ್ ತಮ್ಮ ಟಿಪ್ಪಣಿಯಲ್ಲಿ ಒಂದಿಷ್ಟೂ ಮುಚ್ಚಿಡದೆ ಬರೆದರು.

ಅರಬ್ಬಿಯಲ್ಲಿ ಹನ್ನೊಂದನೆಯ ಕಲಮು ಇಲ್ಲ.

ಹತ್ತನೆಯದಿದೆ, ಹನ್ನೆರಡನೆಯದಿದೆ. ನಡುವೆ ಇರುವುದು ಅಲ್ಜೀರ್ಸಿನ ದೊರೆ ಟ್ರಿಪೊಲಿಯ ಪಾಷಾನಿಗೆ ಬರೆದ ಒಂದು ಪತ್ರ. ಆಡಂಬರದ, ಒರಟು ಶೈಲಿಯ, ಯಾವ ಮಹತ್ವವೂ ಇಲ್ಲದ ಪತ್ರ ಎಂದು ಮಿಲ್ಲರ್ ಅದನ್ನು ತಳ್ಳಿಹಾಕುತ್ತಾರೆ. ಕ್ರೈಸ್ತಮತದ ಅಡಿಪಾಯವೂ ಇಲ್ಲ, ಹಗೆ ಇಲ್ಲವೆಂಬ ಮಾತೂ ಇಲ್ಲ. ಆ ಪತ್ರ ಅಲ್ಲಿಗೆ ಹೇಗೆ ಬಂತು, ಅದನ್ನು ಹನ್ನೊಂದನೆಯ ಕಲಮೆಂದು ಹೇಗೆ ಎಣಿಸಿದರು ಎಂಬುದು ನಿಗೂಢ, ಆ ಕಾಲದ ಪತ್ರವ್ಯವಹಾರದಲ್ಲಿ ಇದರ ಮೇಲೆ ಬೆಳಕು ಬೀರುವ ಒಂದು ಅಕ್ಷರವೂ ಇಲ್ಲ ಎಂದು ಬರೆದು ಅವರು ಕೈತೊಳೆದುಕೊಂಡರು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಮಾಷೆ ನೋಡಿ, ಕಾನೂನಿನ ಭಾಗಕ್ಕೆ ನಾವು ಹೇಳುವ 'ಕಲಮು' ಅರಬ್ಬಿಯಿಂದ ಬಂದದ್ದು. ಅಲ್ಲಿ ಕಲಮು ಎಂದರೆ ಲೇಖನಿ. ಅಸಲು, ನಕಲು ಎರಡೂ ಆ ಭಾಷೆಯ ಮಾತುಗಳೇ. ಅಸಲಿನಲ್ಲಿ ಇಲ್ಲದ ಕಲಮು ನಕಲಿನಲ್ಲಿ ಎದ್ದು ಕೂತಿದೆ! ಊಟದ ಮೇಜಿನ ಮೊದಲನೆಯ ಮನುಷ್ಯ ಹೇಳಿದ್ದು ಅರ್ಧ ನಿಜ.

ಅಂದಮೇಲೆ ಬಾರ್ಲೊ ಬಗ್ಗೆ ಅನುಮಾನ ಹುಟ್ಟದೆ ಇರುವುದಿಲ್ಲ. ಆತ ಕನೆಕ್ಟಿಕಟ್‌ನವನು, ಕವಿ, ಸ್ವಾತಂತ್ರ್ಯಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿದ್ದವನು. ಆಮೇಲೆ ಪ್ಯಾರಿಸ್ ಸೇರಿ ಕ್ರಾಂತಿಯ ಗಾಳಿ ಹೊಡೆಸಿಕೊಂಡ. 1793ರ ಡಿಸೆಂಬರಿನಲ್ಲಿ ಥಾಮಸ್ ಪೇನ್‌ನನ್ನು ಸೆರೆಗೆ ಒಯ್ದಾಗ, ಮತಸಂಸ್ಥೆಗಳನ್ನು ಝಾಡಿಸುವ 'ದಿ ಏಜ್ ಆಫ್ ರೀಸನ್' ಪುಸ್ತಕದ ಹಸ್ತಪ್ರತಿಯನ್ನು ಪೇನ್ ಒಪ್ಪಿಸಿದ್ದು ಈ ಬಾರ್ಲೊ ಕೈಗೆ. ಅಂಥವನೇ ಈ ವಾಕ್ಯ ಕಟ್ಟಿ ತೂರಿಸಿರಬೇಕು ಎಂದು ಹಲವರು ಊಹಿಸುತ್ತಾರೆ. ಇರಬಹುದು. ಆದರೆ ಬಾರ್ಲೊ ಟ್ರಿಪೊಲಿಗೆ ಕಾಲಿಟ್ಟವನಲ್ಲ. ಹಣ ಹೊತ್ತು ಅಲ್ಲಿಗೆ ಹೋಗಿ ಕರಾರು ಮುಗಿಸಿದವನು ರಿಚರ್ಡ್ ಓಬ್ರಯನ್, ಅಲ್ಜೀರ್ಸಿನಲ್ಲಿ ಸುಮಾರು ಹತ್ತು ವರ್ಷ ಸೆರೆಯಲ್ಲಿ ಕೊಳೆತ ಕಪ್ತಾನ.

ನನಗೆ ಹೊಳೆದದ್ದು ತಾಮ್ರಪಟದ ಬಳೆ. ಒಂದೇ ಬಳೆಗೆ ಪೋಣಿಸಿದ ಪಟಗಳಲ್ಲಿ ಒಮ್ಮೊಮ್ಮೆ ಬೇರೆ ದಾನದ ಪಟವೊಂದು ಸೇರಿಕೊಂಡಿರುತ್ತದೆ. ಈ ಕರಾರಿನ ಮೊದಲ ಮತ್ತು ಕೊನೆಯ ಕಲಮುಗಳಲ್ಲಿ ಅಲ್ಜೀರ್ಸಿನ ದೊರೆಯೇ ಜಾಮೀನುದಾರ, ತಕರಾರು ಬಂದರೆ ಅವನೇ ಪಂಚಾಯತಿದಾರ. ಜಾಮೀನು ನಿಂತವನ ಪತ್ರವನ್ನು ಬರೆಹಗಾರನೊಬ್ಬ ಕರಾರಿನ ಜೊತೆಗೇ ನಕಲು ಮಾಡಿದ್ದರೆ ಆಶ್ಚರ್ಯವಿಲ್ಲ. ಮಾತುಕತೆಯಲ್ಲಿ ಒಪ್ಪಿದ್ದ ಕಲಮು ಆ ಗಡಿಬಿಡಿಯಲ್ಲಿ ಬಿಟ್ಟುಹೋಗಿರಬಹುದು. ಇದು ನನ್ನ ಊಹೆ ಮಾತ್ರ, ಇದಕ್ಕೆ ಮೊಹರಿಲ್ಲ.

ಮಿಲ್ಲರ್ ಟಿಪ್ಪಣಿಯಲ್ಲಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಜೇಮ್ಸ್ ಲಿಯಾಂಡರ್ ಕ್ಯಾತ್‌ಕಾರ್ಟ್ ಎಂಬಾತನೂ ಅಲ್ಜೀರ್ಸಿನಲ್ಲಿ ಹನ್ನೊಂದು ವರ್ಷ ಸೆರೆಯಾಳಾಗಿದ್ದವನು. ಸೆರೆಯಲ್ಲಿದ್ದುಕೊಂಡೇ ದೊರೆಯ ಕಚೇರಿಯ ಮುಖ್ಯ ಕ್ರೈಸ್ತ ಗುಮಾಸ್ತನಾದ ಚಾಣಾಕ್ಷ. ಆಮೇಲೆ ಟ್ರಿಪೊಲಿಗೆ ಅಮೆರಿಕದ ಕಾನ್ಸಲ್ ಆಗಿ ಬಂದ. ಬಾರ್ಲೊ ಭಾಷಾಂತರ ಬಹಳ ತಪ್ಪಾಗಿದೆ ಎಂದು ಅವನು ಕೈಬರಹದಲ್ಲಿ ಷರಾ ಬರೆದಿದ್ದಾನೆ. ಆ ಕಾಗದ ಸುಮಾರು 1800ರಿಂದಲೂ ವಿದೇಶಾಂಗ ಇಲಾಖೆಯ ಕಡತದಲ್ಲೇ ಇತ್ತು. ಮುಚ್ಚಿಟ್ಟದ್ದಲ್ಲ, ಸುಟ್ಟದ್ದಲ್ಲ. ಯಾರೂ ತೆಗೆದು ನೋಡಲಿಲ್ಲ, ಅಷ್ಟೆ. ಕಚೇರಿಯ ದಫ್ತರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ಕಲಮು ಕೂಟವೇ? ನಾನು ಅಲ್ಲ ಎನ್ನುತ್ತೇನೆ. ಟ್ರಿಪೊಲಿಯ ಪಾಷಾ ಏನು ಓದಿದ ಎಂಬುದು ಟ್ರಿಪೊಲಿಯ ಇತಿಹಾಸದ ಪ್ರಶ್ನೆ. ಅಮೆರಿಕದ ಸರ್ಕಾರ ತನ್ನ ಬಗ್ಗೆ ಏನು ಹೇಳಿಕೊಂಡಿತು ಎಂಬುದು ನಮ್ಮ ಪ್ರಶ್ನೆ, ಅದಕ್ಕೆ ಅಸಲು ಇಂಗ್ಲಿಷ್ ಪ್ರತಿಯೇ. ಆ 23 ಜನರ ಮುಂದಿದ್ದದ್ದು ಇಂಗ್ಲಿಷ್. ಆ್ಯಡಮ್ಸ್ ಮುಂದಿದ್ದದ್ದು ಇಂಗ್ಲಿಷ್. ಪತ್ರಿಕೆಯಲ್ಲಿ ಬಂದದ್ದೂ ಅದೇ.

ಅವರು ಗಮನಿಸದೆ ಕೈಯೆತ್ತಿದರು ಎಂಬ ವಾದವೂ ಉಂಟು. ಹಗ್ಗ ಹಲಗೆಗಳ ನಡುವೆ ಕಣ್ತಪ್ಪಿತು ಎಂದು. ಇದಕ್ಕೆ ಉತ್ತರ ಕೊಡುವವನು ಆ ಕಲಮಿನ ಶತ್ರುವೇ. ಆ್ಯಡಮ್ಸ್ ಸಂಪುಟದಲ್ಲಿ ಯುದ್ಧಮಂತ್ರಿಯಾಗಿದ್ದ ಜೇಮ್ಸ್ ಮೆಕ್‌ಹೆನ್ರಿ 1800ರ ಸೆಪ್ಟೆಂಬರ್ 26ರಂದು ಹಣಕಾಸು ಮಂತ್ರಿ ಆಲಿವರ್ ವೊಲ್ಕಾಟ್‌ಗೆ ಒಂದು ಪತ್ರ ಬರೆದ. ಆ ಮಾತಿರುವ ಕರಾರನ್ನು ಸೆನೆಟ್ ಒಪ್ಪಲೇಬಾರದಿತ್ತು, ಆಗಲೇ ನಾನು ಹೇಳಿದ್ದೆ, ಶಿಲುಬೆಯನ್ನು ತುಳಿದಂತಾಯಿತು ಎಂಬುದು ಅದರ ಸಾರ. ಮೆಕ್‌ಹೆನ್ರಿಯೂ 1787ರ ಸಂವಿಧಾನಕ್ಕೆ ರುಜು ಹಾಕಿದವನು! ಲ್ಯಾಂಗ್ಡನ್ ಹೂಂ ಎಂದ, ಮೆಕ್‌ಹೆನ್ರಿ ಹಲ್ಲು ಕಚ್ಚಿದ. ಸ್ಥಾಪಕರೆಲ್ಲ ಒಂದೇ ಬಾಯಲ್ಲಿ ಮಾತಾಡುತ್ತಿದ್ದರು ಎನ್ನುವ ಎರಡೂ ಪಕ್ಷದವರಿಗೆ ಈ ಪತ್ರ ತೊಂದರೆ ಕೊಡುತ್ತದೆ. ಆದರೆ ಕಲಮು ಕಣ್ತಪ್ಪಿ ಹೋಗಿರಲಿಲ್ಲ, ಅದರ ಅರ್ಥ ಆಗಲೇ ತಿಳಿದಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಡ.

ಎದುರು ಪಕ್ಷದ ಹತ್ತಿರವೂ ದಾಖಲೆಗಳಿವೆ, ಅವನ್ನು ಮರೆಸಿದರೆ ನಾನು ಫ್ಲೀಟರ ಶಿಷ್ಯನಲ್ಲ. ಬಾರ್ಲೊನ ಸ್ವಂತ ರಾಜ್ಯ ಕನೆಕ್ಟಿಕಟ್‌ನಲ್ಲಿ 1818ರವರೆಗೆ, ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೆ ಚರ್ಚಿಗೆ ತೆರಿಗೆಯ ಹಣ ಹೋಗುತ್ತಿತ್ತು. ಮೇರಿಲ್ಯಾಂಡ್‌ನಲ್ಲಿ ಯೆಹೂದಿಗಳು ಸರ್ಕಾರಿ ಹುದ್ದೆ ಹಿಡಿಯಲು 1826ರವರೆಗೆ ಕಾಯಬೇಕಾಯಿತು. ಜನ ಕ್ರೈಸ್ತರು, ಹಲವು ರಾಜ್ಯಗಳೂ ಕ್ರೈಸ್ತವೇ. ಕಲಮು ಜನರ ಮಾತೆತ್ತುವುದಿಲ್ಲ, ರಾಜ್ಯಗಳ ಮಾತೂ ಎತ್ತುವುದಿಲ್ಲ. ಒಕ್ಕೂಟದ ಸರ್ಕಾರ ಎಂದಷ್ಟೇ ಹೇಳುತ್ತದೆ. ಆ ಒಂದು ಪದದ ಮೇಲೆ ಹೆಬ್ಬೆರಳಿಟ್ಟು ಓದದಿದ್ದರೆ ಎರಡೂ ಕಡೆಯವರು ತಮಗೆ ಬೇಕಾದ್ದನ್ನು ಓದಿಕೊಳ್ಳುತ್ತಾರೆ.

ಕರಾರು ಬಾಳಿದ್ದು ನಾಲ್ಕೇ ವರ್ಷ. ಹಣ ಸಾಲದೆಂದು ಪಾಷಾ 1801ರ ಮೇ 14ರಂದು ಅಮೆರಿಕದ ಕಾನ್ಸಲ್ ಕಚೇರಿಯ ಬಾವುಟದ ಕಂಬ ಕಡಿಸಿ ಯುದ್ಧ ಸಾರಿದ. 1803ರಲ್ಲಿ 'ಫಿಲಡೆಲ್ಫಿಯಾ' ಎಂಬ ಯುದ್ಧನೌಕೆಯೇ ನಾವಿಕರ ಸಮೇತ ಅವನ ಕೈಗೆ ಸಿಕ್ಕಿತು. 1805ರ ಜೂನ್ 4ರಂದು ಅಮೆರಿಕದ ಪರವಾಗಿ ಟೋಬಿಯಾಸ್ ಲಿಯರ್ 60,000 ಡಾಲರ್ ಕೊಟ್ಟು ಸೆರೆಯಾಳುಗಳನ್ನು ಬಿಡಿಸಿ ಹೊಸ ಕರಾರು ಮಾಡಿದ. ಅದರ ಹದಿನಾಲ್ಕನೆಯ ಕಲಮನ್ನು ಹಳೆಯ ಹನ್ನೊಂದರ ಪಕ್ಕ ಇಟ್ಟು ಓದಿದೆ. ಮುಸಲ್ಮಾನರ ಧರ್ಮಕ್ಕೆ ಹಗೆಯಿಲ್ಲ ಎಂಬುದು ಹಾಗೇ ಇದೆ. ಮುಸಲ್ಮಾನ ರಾಜ್ಯಗಳ ಮೇಲೆ ಎಂದೂ ಯುದ್ಧ ಮಾಡಿಲ್ಲ ಎಂಬ ಹಳೆಯ ಮಾತಿಗೆ, ಸಮುದ್ರದಲ್ಲಿ ಓಡಾಡುವ ಹಕ್ಕಿನ ರಕ್ಷಣೆಗಲ್ಲದೆ ಎಂಬ ತಿದ್ದುಪಡಿ ಸೇರಿದೆ. ಕ್ರೈಸ್ತಮತದ ಅಡಿಪಾಯವಿಲ್ಲ ಎಂಬ ಸಾಲು ಮಾಯ. ಆಗ ಅಧ್ಯಕ್ಷ ಥಾಮಸ್ ಜೆಫರ್ಸನ್, ಧರ್ಮ ಮತ್ತು ಸರ್ಕಾರದ ನಡುವೆ ಗೋಡೆ ಇರಬೇಕೆಂದು 1802ರಲ್ಲಿ ಪತ್ರ ಬರೆದ ಅದೇ ಜೆಫರ್ಸನ್. ಆ ಸಾಲು ಬಿದ್ದುಹೋದದ್ದಕ್ಕೆ ಅವರ ಭಕ್ತಿ ಕಾರಣ ಎಂದು ಯಾರಾದರೂ ಹೇಳಿದರೆ ನಾನು ನಗುತ್ತೇನೆ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹನ್ನೊಂದನೆಯ ಕಲಮಿನ ಮೇಲೆ ವಾದ ಹೂಡುವುದೇ ದಂಡ ಅನ್ನಿಸಿತು. ಇದಕ್ಕಿಂತ ಗಟ್ಟಿಯಾದ ಮಾತು ಸಂವಿಧಾನದಲ್ಲೇ ಇದೆ. ಆರನೆಯ ವಿಧಿ ಕರಾರುಗಳನ್ನು ದೇಶದ ಪರಮ ಕಾನೂನಿನ ಸಾಲಿಗೆ ಸೇರಿಸುತ್ತದೆ. ಅದೇ ವಿಧಿ ಮುಂದುವರಿದು, ಸಂಯುಕ್ತ ಸಂಸ್ಥಾನದ ಯಾವ ಹುದ್ದೆಗೂ ಮತದ ಪರೀಕ್ಷೆ ಇಡಕೂಡದು ಎನ್ನುತ್ತದೆ. ಇದರ ಅಸಲು ಯಾವ ಭಾಷೆಯಲ್ಲಿದೆ ಎಂದು ಯಾರೂ ತಕರಾರು ತೆಗೆಯುವಂತಿಲ್ಲ.

ಸಂವಿಧಾನ ಯಾವ ಮತದ ಮೇಲೂ ನಿಂತದ್ದಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದೂ ಎದುರು ಪಾಳಯದಲ್ಲೇ. ಅಂತರ್ಯುದ್ಧದ ಮಧ್ಯೆ, 1863ರಲ್ಲಿ, ಒಹಾಯೋದ ಝೀನಿಯಾ ಊರಿನಲ್ಲಿ ಸೇರಿದ ಕೆಲವು ಪಾದ್ರಿಗಳು ಮತ್ತು ಗೃಹಸ್ಥರು, ಸಂವಿಧಾನದಲ್ಲಿ ದೇವರ ಹೆಸರಿಲ್ಲದ ಪಾಪಕ್ಕೇ ಈ ರಕ್ತಪಾತ ಎಂದು ಬಗೆದರು. ಪೀಠಿಕೆಗೆ ದೇವರನ್ನೂ ಯೇಸುಕ್ರಿಸ್ತನನ್ನೂ ಸೇರಿಸಬೇಕೆಂದು ಸಂಘ ಕಟ್ಟಿ ಚಳವಳಿ ಹೂಡಿದರು. ಮರುವರ್ಷ ಅಧ್ಯಕ್ಷ ಲಿಂಕನ್ನರನ್ನೂ ಕಂಡರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಸ್ಟ್ರಾಂಗ್ ಈ ಸಂಘದ ಅಧ್ಯಕ್ಷರಾಗಿದ್ದರು. ಈ ಸಂಘದವರ ಪ್ರಾಮಾಣಿಕತೆ ನನಗೆ ಹಿಡಿಸಿತು. ದೇವರ ಹೆಸರು ಮೊದಲಿನಿಂದಲೂ ಇತ್ತು ಎಂದು ಅವರು ಬುರುಡೆ ಬಿಡಲಿಲ್ಲ. ಇಲ್ಲ, ಆದ್ದರಿಂದ ಸೇರಿಸಿ ಎಂದು ಕೇಳಿದರು. 1874ರ ಫೆಬ್ರವರಿ 18ರಂದು ಕೆಳಮನೆಯ ನ್ಯಾಯಾಂಗ ಸಮಿತಿ ಉತ್ತರ ಕೊಟ್ಟಿತು. ಸ್ಥಾಪಕರು ಈ ವಿಷಯವನ್ನು ಪೂರ್ತಿಯಾಗಿ ಚರ್ಚಿಸಿದ್ದರು, ಈ ದೇಶ ಕ್ರೈಸ್ತರಿರಲಿ ಅಲ್ಲದವರಿರಲಿ ಎಲ್ಲ ನಾಡಿನ ನೊಂದವರ ಮನೆಯಾಗಬೇಕಿತ್ತು, ಆದ್ದರಿಂದ ಯಾವ ಮತದ ಉಲ್ಲೇಖವೂ ಬೇಡವೆಂದು ತೀರ್ಮಾನಿಸಿದ್ದರು ಎಂದು ಹೇಳಿ ಅರ್ಜಿಯನ್ನು ಮುಗಿಸಿತು. ದೇವರಲ್ಲಿ ನಮ್ಮ ನಂಬಿಕೆ ಎಂಬ ಮಾತು 1864ರಲ್ಲಿ ಎರಡು ಸೆಂಟಿನ ನಾಣ್ಯದ ಮೇಲೆ ಬಂದಿತ್ತು. ದೇಶದ ಧ್ಯೇಯವಾಕ್ಯವಾಗಲು 1956ರವರೆಗೆ ಕಾಯಬೇಕಾಯಿತು. ಪೀಠಿಕೆಗೆ ಮಾತ್ರ ಇವತ್ತಿಗೂ ಬಂದಿಲ್ಲ.

ಅಕ್ಕನ ಮಗನಿಗೆ ಇಷ್ಟುದ್ದ ಬರೆದರೆ ಓದುವುದಿಲ್ಲ. ಫೋನು ಮಾಡಿದೆ.

"ನಕಲೇನು ಮಾವ?"

"ಮಾತು ನಕಲಿಯಲ್ಲ ಕಣೋ, ಮುಖ ನಕಲಿ. ವಾಷಿಂಗ್ಟನ್ ಪಟ ತೆಗೆದುಹಾಕು ಅಂತ ಆ ನಿನ್ನ ಸ್ನೇಹಿತನಿಗೆ ಹೇಳು. ಜಾನ್ ಆ್ಯಡಮ್ಸ್ ಅಂತ ಬರೀಲಿ. 1797, ಜೂನ್ 10."

"ಇನ್ನೊಬ್ಬನಿಗೆ?"

"ಅರಬ್ಬಿ ಮೂಲದಲ್ಲಿ ಆ ಮಾತಿಲ್ಲ ಅಂದನಲ್ಲ, ಅವನು ಹೇಳಿದ್ದು ಸರಿ ಅಂತ ಹೇಳು. ಆಮೇಲೆ ಆರನೆಯ ವಿಧಿಯ ಮೂರನೆಯ ಪರಿಚ್ಛೇದ ಓದೋಕೆ ಹೇಳು. ಅದು ಇಂಗ್ಲಿಷಿನಲ್ಲೇ ಇದೆ."